ಗಮ್ ಹಚ್ಚದ ಪ್ಲೇಟು

ಗದಗ-ಬೆಟಗೇರಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ನನ್ನ ಸೋದರಮಾವ ಅಲ್ಲಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಪ್ಲೇಟು ಮಾಡುವ ಕೆಲಸಕ್ಕಿದ್ದ. ಸೂಟಿ ಬಿಟ್ಟೊಡನೆ ಶಿರಹಟ್ಟಿಯಿಂದ ಬಸ್ಸು ಹತ್ತಿ ಅವನ ಕತ್ತಲೆ ಕೋಣೆ ಸೇರುತ್ತಿದ್ದೆ. ಹಳದಿ ಮಾಸ್ಕಿಂಗ್ ಕಾಗದದಲ್ಲಿ ಬ್ಲೇಡಿನಿಂದ ಕಿಟಕಿ ಕೊರೆದು ನೆಗೆಟಿವ್ ಫಿಲ್ಮ್ ಅಂಟಿಸುವನು. ಫಿಲ್ಮಿನ ಕಪ್ಪಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಸಣ್ಣ ಬ್ರಷ್ಷಿನಿಂದ ಕೆಂಪು ಬಣ್ಣ ಮುಟ್ಟಿಸಿ ಮುಚ್ಚುವನು. ಕೆಳಗೆ ಪ್ಲೇಟು, ಅದರ ಮೇಲೆ ಫಿಲ್ಮು, ಮೇಲೊಂದು ಗಾಜು, ಎದುರಿಗೆ ಆರ್ಕ್ ದೀಪ. ದೀಪ ಹತ್ತಿರ ತಂದರೆ ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಫಿಲ್ಮು ಬಿಸಿಗೆ ಸೊಟ್ಟಗಾಗುತ್ತಿತ್ತು.

ಪ್ಲೇಟು ತೊಳೆದ ಮೇಲೆ ಕೊನೆಯ ಕೆಲಸ ಗಮ್ ಹಚ್ಚುವುದು. ಒಂದು ಸಂಜೆ ಕರೆಂಟು ಹೋದ ಗಡಿಬಿಡಿಯಲ್ಲಿ ಅದೊಂದು ತಪ್ಪಿತು. ಮರುದಿನ ಮಷಿನ್ನಿಗೆ ಏರಿಸಿದರೆ ಅಕ್ಷರದ ಜೊತೆಗೆ ಖಾಲಿ ಜಾಗವೂ ಶಾಯಿ ಹಿಡಿಯಿತು. ಎಂಟು ಪ್ಲೇಟು ರದ್ದಿ. ಅದರ ದುಡ್ಡನ್ನು ಮಾವನ ಪಗಾರದಲ್ಲಿ ಮುರಿದುಕೊಂಡರು. ‘ಅಂಟು ಅಂದ್ರ ಅಂಟಲ್ಲ ತಮ್ಮಾ, ಅದು ಪ್ಲೇಟಿನ ಮೈಮ್ಯಾಲಿನ ಅರಿವಿ’ ಎಂದಿದ್ದ.

ಆ ಅರಿವೆ ಹಳೆಯದು. 1790ರ ದಶಕದ ಕೊನೆಯಲ್ಲಿ ಮ್ಯೂನಿಕ್‌ನ ಅಲೋಯಿಸ್ ಸೆನೆಫೆಲ್ಡರ್ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಉಳಿದ ಜಾಗಕ್ಕೆ ಅರಬ್ಬೀ ಗೋಂದು ಹಚ್ಚಿ ಕಲ್ಲಚ್ಚಿನ ವಿದ್ಯೆ ಕಂಡುಕೊಂಡ. ಗೋಂದು ನೀರು ಹಿಡಿಯುತ್ತದೆ, ಶಾಯಿಯನ್ನು ದೂಡುತ್ತದೆ. ಮುಂಡರಗಿ ಕಡೆಯ ಎರೆಹೊಲದ ಬದುವಿನಲ್ಲಿ ನಿಲ್ಲುವ ಕರಿಜಾಲಿಯ ಬಳಗದ ಮರದ್ದೇ ಆ ಗೋಂದು. ಮುಂದೆ 1820ರ ದಶಕದಲ್ಲಿ ಫ್ರಾನ್ಸಿನ ನಿಯೆಪ್ಸ್ ಬೆಳಕಿಗೆ ಗಟ್ಟಿಯಾಗುವ ಡಾಂಬರನ್ನು ಲೋಹದ ತಗಡಿಗೆ ಬಳಿದ. ಅಲ್ಲಿಂದಾಚೆಗೆ ಬರೆಯುವ ಕೆಲಸ ಕೈಯಿಂದ ಬೆಳಕಿಗೆ ದಾಟಿತು, ಬೆಳಕನ್ನು ತಡೆಯುವ ಮುಸುಕಿಗೆ ಬೆಲೆ ಬಂತು.

1950ರ ದಶಕದ ಕೊನೆಗೆ ಇದೇ ವಿದ್ಯೆ ಅಮೆರಿಕದಲ್ಲಿ ಟ್ರಾನ್ಸಿಸ್ಟರ್ ಮಾಡುವವರ ಕೈ ಸೇರಿತು. ಮೊದಮೊದಲ ಮುಸುಕುಗಳು ಫೋಟೋ ಎಮಲ್ಷನ್ ಬಳಿದ ಗಾಜುಗಳು. ಪ್ರತಿ ಸಲ ಸಿಲಿಕಾನ್ ಬಿಲ್ಲೆಗೆ ಒತ್ತಿದಾಗಲೂ ಗೀರು ಬೀಳುತ್ತಿತ್ತು. ಆಗ ಬಂದದ್ದು ಕ್ರೋಮ್: ಗಾಜಿನ ಮೇಲೆ ಸುಮಾರು 100 ನ್ಯಾನೊಮೀಟರ್ ಲೋಹದ ಪೊರೆ. 1973ರಲ್ಲಿ ಪರ್ಕಿನ್-ಎಲ್ಮರ್ ಕಂಪನಿ ಮುಸುಕನ್ನು ಒತ್ತದೆ, ಕನ್ನಡಿಗಳ ಮೂಲಕ ಅದರ ಬಿಂಬವನ್ನಷ್ಟೇ ಬೀಳಿಸುವ ಯಂತ್ರ ತಂದಿತು. ಇನ್ನು ಮುಸುಕಿಗೆ ಸಾವಿಲ್ಲ ಎನ್ನುವಂತಾಯಿತು.

ಅಷ್ಟರಲ್ಲಿ ಲೇಸರ್ ಬಂದಿತ್ತು. ಇಲ್ಲಿ ಮದ್ರಾಸಿನಲ್ಲಿ 1929ರಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಅವರ ಹೆಸರು ಹೇಳಲೇಬೇಕು. ನ್ಯೂಯಾರ್ಕ್ ರಾಜ್ಯದ ಐಬಿಎಂ ಪ್ರಯೋಗಾಲಯದಲ್ಲಿ, ಅತಿನೇರಳೆ ಎಕ್ಸೈಮರ್ ಲೇಸರ್ ಬಿದ್ದಲ್ಲಿ ಪ್ಲಾಸ್ಟಿಕ್ ಕರಗದೆ, ಸುತ್ತ ಸುಡದೆ, ಪದರಪದರವಾಗಿ ಹಾರಿಹೋಗುವುದನ್ನು ಅವರು ಕಂಡರು. 1981ರ ನವೆಂಬರ್ 27ರಂದು, ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡು ತಂದು ಅದರ ಮೇಲೂ ಪ್ರಯೋಗಿಸಿದರು. ಕಣ್ಣಿನ ಲೇಸಿಕ್ ಚಿಕಿತ್ಸೆಯ ಬೇರು ಅಲ್ಲಿದೆ. ರಾಸಾಯನಿಕದಲ್ಲಿ ಅದ್ದದೆ, ತೊಳೆಯದೆ, ಬೆಳಕಿನಿಂದಲೇ ನೇರವಾಗಿ ಕೆತ್ತುವ ಆಸೆಯೂ ಅಲ್ಲಿಂದ ಬಲವಾಯಿತು.

ಆದರೆ ಕೆತ್ತುವಷ್ಟು ಬಲವಾದ ಬೆಳಕು ಮೊದಲು ದಾಟಬೇಕಾದದ್ದು ಮುಸುಕನ್ನೇ. ಕ್ರೋಮ್ ಬೆಳಕನ್ನು ತಡೆಯುತ್ತದೆ ನಿಜ, ಅದರಲ್ಲಿ ಒಂದು ಪಾಲನ್ನು ನುಂಗಿಯೂ ಬಿಡುತ್ತದೆ. ನುಂಗಿದ್ದು ಬಿಸಿಯಾಗುತ್ತದೆ. ಬಡಿತದ ಮೇಲೆ ಬಡಿತ ಬಿದ್ದಂತೆ ಪೊರೆ ಬಿರಿದು ಏಳುತ್ತದೆ. ಮಾವನ ಫಿಲ್ಮು ಸೊಟ್ಟಗಾದ ಕತೆಯೇ ಇದು. ಉಪಾಯವೂ ಅವನದೇ: ದೀಪ ದೂರ ಇಡು. ಮುಸುಕಿನ ಮೇಲೆ ಮಂದ ಬೆಳಕು ಬಿಟ್ಟು, ಆಮೇಲೆ ಮಸೂರದಿಂದ ಬಿಂಬವನ್ನು ಐದು ಪಟ್ಟು ಕುಗ್ಗಿಸಿದರೆ ಕೆಳಗೆ ತೀವ್ರತೆ 25 ಪಟ್ಟು ಏರುತ್ತದೆ. ಚಿಪ್ಪಿಗೆ ಇದು ಸರಿ. ಟಿವಿ ಪರದೆಗೆ ಹೇಗೆ? ಜಪಾನಿನ ಸಕಾಯ್‌ನಲ್ಲಿ 2009ರಲ್ಲಿ ಶುರುವಾಗಿ 2024ರವರೆಗೆ ಪರದೆ ತಯಾರಿಸಿದ ಶಾರ್ಪ್ ಕಾರ್ಖಾನೆಯಲ್ಲಿ ಒಂದೊಂದು ಗಾಜೂ ಸುಮಾರು 2.9 ಮೀಟರ್ ಅಗಲ, 3.1 ಮೀಟರ್ ಉದ್ದ ಇತ್ತು. ಅಷ್ಟು ದೊಡ್ಡದನ್ನು ಕುಗ್ಗಿಸಿದ ತುಣುಕುಗಳಿಂದ ತುಂಬಿಸುವುದು ಚಮಚದಲ್ಲಿ ಕೆರೆ ತುಂಬಿಸಿದ ಹಾಗೆ.

ಹಾಗಾಗಿ ಲೇಪನವನ್ನೇ ಬದಲಿಸಿದರು. ಲೋಹದ ಜಾಗಕ್ಕೆ ಹಾಫ್ನಿಯಂ ಆಕ್ಸೈಡ್, ಸಿಲಿಕಾದಂಥ ಪಾರದರ್ಶಕ ವಸ್ತುಗಳು ಒಂದರ ಮೇಲೊಂದು ಬಂದವು. ಪ್ರತಿ ಪದರದ ದಪ್ಪ ಅದರೊಳಗಿನ ಬೆಳಕಿನ ತರಂಗದೂರದ ಕಾಲುಭಾಗ. ಬಿಡಿಯಾಗಿ ನೋಡಿದರೆ ಯಾವುದೂ ಬೆಳಕನ್ನು ತಡೆಯದು. ಒಟ್ಟಾದಾಗ ಪ್ರತಿ ಅಂಚಿನಿಂದ ಮರಳಿದ ಅಲೆಗಳು ಕೂಡಿಕೊಂಡು ನೂರಕ್ಕೆ 99ಕ್ಕೂ ಹೆಚ್ಚು ಬೆಳಕನ್ನು ಹಿಂದಕ್ಕೆ ಅಟ್ಟುತ್ತವೆ. ನುಂಗುವುದು ಅತ್ಯಲ್ಪ, ಹಾಗಾಗಿ ಸುಡುವುದೂ ಅಪರೂಪ. ಕ್ರೋಮ್ ತಾಳದ ಬಡಿತವನ್ನು ಇದು ತಾಳುತ್ತದೆ. ತೊಂದರೆಯೂ ಇದೆ: ಹತ್ತಾರು ಪದರ ಕೂರಿಸಿ, ಆಮೇಲೆ ಅದರಲ್ಲೇ ಸೂಕ್ಷ್ಮ ಗೆರೆ ಕೆತ್ತಬೇಕು. ದುಬಾರಿ ಕೆಲಸ. ಮೇಲೆ ಒಂದು ಧೂಳಿನ ಕಣ ಕೂತರೂ ಅದು ಕಾದು ಪದರವನ್ನು ಕೆಡಿಸುತ್ತದೆ.

ಪರದೆಗಳ ವಿದ್ಯೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವಹರಳನ್ನು ಕಂಡುಹಿಡಿದರು. ಅಂಥ ಅಣುಗಳನ್ನು ಬಳಿದ ಫಿಲ್ಮನ್ನು ಮುಂದೆ ಜಪಾನಿನ ಫ್ಯೂಜಿ ಕಂಪನಿ ತಯಾರಿಸಿತು. ಓರೆಯಿಂದ ನೋಡಿದರೂ ಎಲ್‌ಸಿಡಿ ಚಿತ್ರ ಮಸುಕಾಗದಂತೆ ಅದು ಕಾಯುತ್ತದೆ. ಕಂಡದ್ದು ಇಲ್ಲಿ, ಬಳಿದದ್ದು ಅಲ್ಲಿ.

ಹೋದ ವರ್ಷ ಲಕ್ಷ್ಮೇಶ್ವರದ ಮದುವೆಯೊಂದರಲ್ಲಿ ಮಾವ ಸಿಕ್ಕಿದ್ದ. ಪ್ಲೇಟಿನ ಕೆಲಸವನ್ನು ಕಂಪ್ಯೂಟರ್ ನುಂಗಿ ಎಷ್ಟೋ ವರ್ಷವಾಗಿದೆ. ಫೋನು ತೋರಿಸಿ ಇದನ್ನೆಲ್ಲ ವಿವರಿಸಿದೆ. ಸುಮ್ಮನೆ ಕೇಳಿದವನು, ‘ಪಿನ್‌ಹೋಲು ಬಿದ್ರ ಯಾರು ಮುಚ್ಚತಾರ?’ ಎಂದ. ಕ್ರೋಮ್ ಮುಸುಕಿನಲ್ಲಿ ಹೆಚ್ಚಾದ ಚುಕ್ಕೆಯನ್ನು ಲೇಸರೇ ಕೆತ್ತಿ ತೆಗೆಯುತ್ತದೆ, ತೂತು ಬಿದ್ದಲ್ಲಿ ಲೇಸರಿನಿಂದಲೇ ಲೋಹ ಕೂರಿಸುತ್ತಾರೆ, ಮಷಿನ್ನಿನ ಮುಂದೆ ಒಬ್ಬ ಕೂತು ನೋಡುತ್ತಿರುತ್ತಾನೆ ಎಂದೆ.

‘ತಪ್ಪಾದ್ರ ಅವನ ಪಗಾರ ಮುರೀತಾರೇನು?’ ಎಂದ ಮಾವ.