ಹಳೆಯ ಲಾರಿಗೆ ಬೇರೆ ಗೇರ್‌ಬಾಕ್ಸ್: ಕೂರಿಸುವ ಮುನ್ನ ತಾಳೆ ನೋಡಬೇಕಾದದ್ದು

ಬಸವಕಲ್ಯಾಣ: ಪುಣೆ–ಹೈದರಾಬಾದ್ ಮಾರ್ಗದ ಲಾರಿ ಚಾಲಕರಿಗೆ ಬೀದರ್ ಜಿಲ್ಲೆಯ ಎರಡು ಊರುಗಳು ಚಿರಪರಿಚಿತ. ಒಂದು, ರಾಷ್ಟ್ರೀಯ ಹೆದ್ದಾರಿ 65 ಮತ್ತು 50 ಸಂಧಿಸುವ ಹುಮನಾಬಾದ್. ಇನ್ನೊಂದು, ಅಲ್ಲಿಂದ ಪಶ್ಚಿಮಕ್ಕೆ ಸಾಗಿ ಸಸ್ತಾಪುರ ಬಂಗ್ಲಾ ಬಳಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಸಿಗುವ ಬಸವಕಲ್ಯಾಣ. ನಾಡಿಗೆ ಇದು ಅನುಭವ ಮಂಟಪದ ಊರು. ಲಾರಿ ಮಾಲೀಕರಿಗೆ ಆಟೋನಗರದ ಊರು. ಬಾಡಿ ಕಟ್ಟುವುದು, ಎಂಜಿನ್ ಇಳಿಸುವುದು, ಹಿಂದಿನ ಆಕ್ಸಲ್ ಬಿಚ್ಚಿ ಜೋಡಿಸುವುದು ಇಲ್ಲಿನ ನಿತ್ಯದ ಕಾಯಕ.

ಇಂತಹ ಕೆಲಸಗಳಲ್ಲಿ ಮಾಲೀಕನನ್ನು ಹೆಚ್ಚು ಗೊಂದಲಕ್ಕೆ ಕೆಡವುವುದು ಗೇರ್‌ಬಾಕ್ಸ್ ಬದಲಾವಣೆ. ಹದಿನೈದು ವರ್ಷ ದುಡಿದ ಲಾರಿಯ ಗೇರ್‌ಬಾಕ್ಸ್ ಹಲ್ಲು ಸವೆದು ಕಿರುಗುಟ್ಟತೊಡಗಿದಾಗ ಎರಡು ದಾರಿಗಳಿರುತ್ತವೆ. ಬೇರಿಂಗ್, ಸಿಂಕ್ರೊ ಕೋನ್ ಹಾಕಿ ಇದ್ದುದನ್ನೇ ದುರಸ್ತಿ ಮಾಡಿಸುವುದು ಒಂದು. ಗುಜರಿಗೆ ಹೋದ ಮತ್ತೊಂದು ಲಾರಿಯಿಂದ ತೆಗೆದ ಗೇರ್‌ಬಾಕ್ಸ್ ಕೂರಿಸುವುದು ಇನ್ನೊಂದು. ಎರಡನೆಯದು ಬೇಗ ಮುಗಿಯುತ್ತದೆ. ಒಂದೇ ಲಾರಿಯಿಂದ ಸಂಸಾರ ಸಾಗಿಸುವವನಿಗೆ ಲಾರಿ ನಿಂತ ಪ್ರತಿ ದಿನವೂ ನಷ್ಟವೇ ಆದ್ದರಿಂದ ಈ ಆತುರ ಸಹಜ. ಆದರೆ ಬೋಲ್ಟ್ ಕೂತಿತು ಎಂದ ಮಾತ್ರಕ್ಕೆ ಗೇರ್‌ಬಾಕ್ಸ್ ಹೊಂದಿತು ಎಂದು ಅರ್ಥವಲ್ಲ. ಮುಂದಿರುವ ಎಂಜಿನ್ ಮತ್ತು ಹಿಂದಿರುವ ಆಕ್ಸಲ್ ಎರಡಕ್ಕೂ ಅದು ಒಗ್ಗಬೇಕು.

ಟಾಟಾ 1613ರಂತಹ ಲಾರಿಗಳಲ್ಲಿ ಬಳಕೆಯಾದ ಜಿಬಿಎಸ್-40 ಗೇರ್‌ಬಾಕ್ಸಿಗೆ ಅದೇ ಮಾದರಿಯದನ್ನು ತಂದರೆ ತೊಡಕು ಕಡಿಮೆ. ಮಾದರಿ ಬೇರೆಯಾದರೆ ಮೊದಲು ನೋಡಬೇಕಾದದ್ದು ಇನ್‌ಪುಟ್ ಶಾಫ್ಟ್. ಅದರ ಮೇಲಿನ ಸ್ಪ್ಲೈನ್ ಹಲ್ಲುಗಳ ಸಂಖ್ಯೆ ಮತ್ತು ದಪ್ಪ ಕ್ಲಚ್ ಪ್ಲೇಟಿನ ನಡುವಿನ ರಂಧ್ರಕ್ಕೆ ಸರಿಹೊಂದಬೇಕು. ಅದರ ತುದಿ ಕ್ರ್ಯಾಂಕ್ ಶಾಫ್ಟ್ ಕೊನೆಯಲ್ಲಿರುವ ಪೈಲಟ್ ಬೇರಿಂಗಿನಲ್ಲಿ ಸಡಿಲವೂ ಇಲ್ಲದೆ ಬಿಗಿಯೂ ಇಲ್ಲದೆ ಕೂರಬೇಕು. ಬೆಲ್ ಹೌಸಿಂಗಿನ ರಂಧ್ರಗಳು ಹೊಂದದಿದ್ದಾಗ ಹೊಸ ರಂಧ್ರ ಕೊರೆದು ಬಿಗಿಯುವುದುಂಟು. ಇದು ಅಪಾಯದ ಕೆಲಸ. ಎಂಜಿನ್ನಿನ ಮಧ್ಯರೇಖೆ ಮತ್ತು ಗೇರ್‌ಬಾಕ್ಸಿನ ಮಧ್ಯರೇಖೆ ಕೂದಲೆಳೆಯಷ್ಟು ತಪ್ಪಿದರೂ ಇನ್‌ಪುಟ್ ಬೇರಿಂಗ್ ಬೇಗ ಸವೆಯುತ್ತದೆ, ಭಾರ ಬಿದ್ದಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರುತ್ತದೆ. ಸರಕು ತುಂಬಿದ ಲಾರಿ ಇಳಿಜಾರಿನಲ್ಲಿರುವಾಗ ಹೀಗಾದರೆ ಎಂಜಿನ್ನಿನ ತಡೆ ಕೈತಪ್ಪಿ ಇಡೀ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ. ಕಣ್ಣಳತೆಯನ್ನು ನಂಬದೆ ಡಯಲ್ ಗೇಜ್ ಇಟ್ಟು ಅಳೆಯುವ ಮಿಸ್ತ್ರಿ ಒಂದು ತಾಸು ಹೆಚ್ಚು ತೆಗೆದುಕೊಂಡರೂ ಕಾಯುವುದು ಲೇಸು.

ಗೇರ್‌ಬಾಕ್ಸಿನ ಉದ್ದ ಬದಲಾದರೆ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಬೆಸೆಯಬೇಕಾಗುತ್ತದೆ. ಬೆಸೆಯುವಾಗ ಎರಡೂ ತುದಿಯ ಯೋಕ್‌ಗಳು ಒಂದೇ ನೇರದಲ್ಲಿರಬೇಕು, ಬಳಿಕ ಬ್ಯಾಲೆನ್ಸಿಂಗ್ ಆಗಲೇಬೇಕು. ಇಲ್ಲವಾದರೆ ವೇಗ ಹಿಡಿದೊಡನೆ ಲಾರಿಯ ನೆಲವೇ ನಡುಗುತ್ತದೆ.

ಇನ್ನು ಲೆಕ್ಕದ ವಿಷಯ. ಇದನ್ನು ಮರೆಯುವವರೇ ಹೆಚ್ಚು. ಹಿಂದಿನ ಆಕ್ಸಲ್‌ನಲ್ಲಿ ಕ್ರೌನ್‌ಗೆ 41, ಪಿನಿಯನ್‌ಗೆ 6 ಹಲ್ಲುಗಳಿವೆ ಎಂದುಕೊಳ್ಳೋಣ, ಅನುಪಾತ 6.83. ಪಿನಿಯನ್ 7 ಹಲ್ಲಿನದಾದರೆ 5.86. ಹಳೆಯ ಗೇರ್‌ಬಾಕ್ಸಿನ ಮೇಲಿನ ಗೇರ್ ನೇರವಾಗಿದ್ದು, ಅಂದರೆ 1 ಆಗಿದ್ದು, ಹೊಸದರಲ್ಲಿ 0.8ರ ಓವರ್‌ಡ್ರೈವ್ ಇದ್ದರೆ ಅದೇ ವೇಗಕ್ಕೆ 2,000 ಸುತ್ತು ತಿರುಗುತ್ತಿದ್ದ ಎಂಜಿನ್ 1,600 ಸುತ್ತಿಗೆ ಇಳಿಯುತ್ತದೆ. ಡೀಸೆಲ್ ಉಳಿಯಿತು ಎಂದು ಹಿಗ್ಗುವ ಮುನ್ನ ಆಕ್ಸಲ್ ನೋಡಬೇಕು. 6.83ರೊಂದಿಗೆ ಒಟ್ಟು ಅನುಪಾತ 5.47 ಆಗಿ ನಿಭಾಯಿಸಬಹುದು. 5.86ರೊಂದಿಗೆ ಅದು 4.69ಕ್ಕೆ ಕುಸಿಯುತ್ತದೆ. ಹಳೆಯ ಎಂಜಿನ್ ತುಂಬಿದ ಲಾರಿಯನ್ನು ಆ ಗೇರಿನಲ್ಲಿ ಎಳೆಯಲಾರದೆ ಏದುಸಿರು ಬಿಡುತ್ತದೆ, ಚಾಲಕ ಸದಾ ಕೆಳಗಿನ ಗೇರಿಗೇ ಬರುತ್ತಾನೆ, ಉಳಿತಾಯ ಕಾಗದದಲ್ಲೇ ಉಳಿಯುತ್ತದೆ.

ಇದು ಲಾರಿಗಳಿಗೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. 1962ರಿಂದ 1980ರವರೆಗೆ ತಯಾರಾದ ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ ಇದ್ದುದು ನಾಲ್ಕು ಗೇರ್. 1967ರವರೆಗೆ ಅದರ ಮೊದಲ ಗೇರಿಗೆ ಸಿಂಕ್ರೊ ಕೂಡ ಇರಲಿಲ್ಲ. ಅದಕ್ಕೆ ಫೋರ್ಡ್ ಕಂಪನಿಯ ಐದು ಗೇರಿನ ‘ಟೈಪ್ 9’ ಕೂರಿಸುವ ಹವ್ಯಾಸಿಗಳು ಅನೇಕರು. ಅವರೂ ಬೆಲ್ ಹೌಸಿಂಗ್, ಸ್ಪ್ಲೈನ್‌ಗೆ ತಕ್ಕ ಕ್ಲಚ್ ಪ್ಲೇಟ್, ಪ್ರೊಪೆಲ್ಲರ್ ಶಾಫ್ಟ್ ಎಂಬ ಇದೇ ಮೂರನ್ನು ದಾಟಬೇಕು. ಅಲ್ಲಿ ತಪ್ಪಿದರೆ ಭಾನುವಾರದ ವಿಹಾರ ಕೆಡುತ್ತದೆ. ಇಲ್ಲಿ ತಿಂಗಳ ಸಾಲದ ಕಂತು.

ಕಾನೂನಿನ ಅಂಶವೂ ಗಮನಾರ್ಹ. ನೋಂದಣಿ ಪತ್ರದಲ್ಲಿ ಎಂಜಿನ್ ಮತ್ತು ಚಾಸಿ ಸಂಖ್ಯೆ ಇರುತ್ತವೆ, ಗೇರ್‌ಬಾಕ್ಸಿನದು ಇರುವುದಿಲ್ಲ. ಹೀಗಾಗಿ ಅದೇ ಮಾದರಿಯದನ್ನು ಹಾಕಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಆದರೆ ಮೋಟಾರು ವಾಹನ ಕಾಯ್ದೆ, 1988ರ ಕಲಂ 52 ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಪ್ರತಿ ಮಾರ್ಪಾಡಿಗೆ ₹5,000 ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಬೇರೆ ಮಾದರಿಯ ಗೇರ್‌ಬಾಕ್ಸ್ ಹಾಕಿಸುವವರು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳಿತು. ಗುಜರಿ ಮಾಲಿಗೆ ಬಿಲ್ ಪಡೆಯಲು ಸಂಕೋಚ ಸಲ್ಲದು: ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 317ರಂತೆ ಅಪರಾಧ.

ಕೆಲಸ ಮುಗಿದ ಮೇಲೆ ಖಾಲಿ ಲಾರಿಯನ್ನು ಬಂಗ್ಲಾದಿಂದ ಹುಮನಾಬಾದ್‌ವರೆಗೆ ಓಡಿಸಿ ತರುವುದು ಉತ್ತಮ ಪರೀಕ್ಷೆ. ಎಲ್ಲ ಗೇರುಗಳನ್ನೂ ಬಳಸಿ, ವೇಗ ಏರಿಸಿ ಇಳಿಸಿ, ಗೇರ್ ಜಾರುತ್ತದೆಯೇ ನೋಡಬೇಕು. ಮರಳಿದ ಬಳಿಕ ಬೆಲ್ ಹೌಸಿಂಗಿನ ಕೆಳಗೆ ಎಣ್ಣೆ ಜಿನುಗಿದೆಯೇ ಎಂದು ಪರಿಶೀಲಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಆನಂತರವೇ ಸರಕು ಹೇರಬೇಕು.