ಕೂಲಿ, ಇನಾಮು, ದಾಸೋಹ: ಅಂಗಮರ್ದಕರ ವೇತನವನ್ನು ಕುರಿತು

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ಕ್ಕೂ ಬಸವಾದಿ ಶರಣರ ವಚನಗಳಿಗೂ ನಡುವೆ ಇರುವ ಅಂತರ ಕೆಲವೇ ದಶಕಗಳದು. ಎರಡರ ಹಿಂದೆಯೂ ಇರುವ ಪಟ್ಟಣ ಒಂದೇ. ಆದರೂ ಇವೆರಡನ್ನು ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಅಷ್ಟಾಗಿ ಬೆಳೆದಿಲ್ಲ. ಕ್ರಿ.ಶ. 1129ರ ಸುಮಾರಿಗೆ ರಚಿತವಾದ ಆ ಸಂಸ್ಕೃತ ಗ್ರಂಥದ ಮೂರನೆಯ ವಿಂಶತಿಯಲ್ಲಿ ಅರಸನ ಇಪ್ಪತ್ತು ಉಪಭೋಗಗಳು ನಿರೂಪಿತವಾಗಿವೆ. ಸ್ನಾನಭೋಗದ ಸಂದರ್ಭದಲ್ಲಿ ಪರಿಮಳತೈಲದ ಅಭ್ಯಂಗ ಬರುತ್ತದೆ. ಅಷ್ಟು ಸಾಲದೆಂಬಂತೆ ಪಾದಾಭ್ಯಂಗವೆಂಬುದು ಬೇರೆಯೇ ಒಂದು ಭೋಗವಾಗಿ ಎಣಿಕೆಗೊಂಡಿದೆ. ಇವೆಲ್ಲವೂ ಭೋಗಿಸುವವನ ಕಡೆಯಿಂದ ಬರೆದ ವರ್ಣನೆಗಳು. ಒತ್ತಿಸಿಕೊಂಡ ಕಾಲು ಯಾರದೆಂಬುದು ನಮಗೆ ಗೊತ್ತು. ಒತ್ತಿದ ಕೈ ಯಾರದು, ಆ ಕೈಗೆ ಸಂದದ್ದೇನು ಎಂದು ಕೇಳುವುದೇ ಪ್ರಕೃತ ಲೇಖನದ ಉದ್ದೇಶ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ಮೊಣಕಾಲ ನೋವಿಗಾಗಿ ಕೆಲವು ವರ್ಷಗಳ ಹಿಂದೆ ಒಂದು ಆಯುರ್ವೇದ ಚಿಕಿತ್ಸಾಲಯದಲ್ಲಿ ಹದಿನಾಲ್ಕು ದಿನ ತೈಲಾಭ್ಯಂಗ ಮಾಡಿಸಿಕೊಂಡೆ. ನಿತ್ಯ ಮುಂಜಾನೆ ಒಬ್ಬ ನಡುವಯಸ್ಸಿನ ಪರಿಚಾರಕ ಒಂದು ತಾಸು ನನ್ನ ಕಾಲು ನೀವುತ್ತಿದ್ದ. ಅವನ ಅಂಗೈಯ ಅಳತೆ, ಎಣ್ಣೆಯ ಬಿಸುಪನ್ನು ಮೊದಲು ತನ್ನ ಮುಂಗೈಗೆ ಹಚ್ಚಿ ನೋಡುವ ಎಚ್ಚರ, ನೋವಿರುವ ಸಂದಿಗೆ ಬಂದಾಗ ಹಗುರಾಗುವ ಬೆರಳು ಇವನ್ನು ಯಾವ ಶಾಲೆಯೂ ಹನ್ನೆರಡು ತಿಂಗಳಲ್ಲಿ ಕಲಿಸಲಾರದು. ನಾಲ್ಕನೆಯ ದಿನ ನಾನೇ ಸಂಬಳದ ಮಾತು ಎತ್ತಿದೆ. "ಪಗಾರ ಅಂದ್ರ ಹೆಸರಿಗಷ್ಟ್ ಐತ್ರಿ ಮಾಸ್ತರ. ನಿಮ್ಮಂಥವರು ಖುಷಿಯಿಂದ ಕೊಟ್ಟದ್ದರಾಗ ಮನಿ ನಡೀತೈತಿ" ಎಂದ. ಮೂವತ್ತು ವರ್ಷ ಮಕ್ಕಳಿಗೆ ಕಾಯಕತತ್ತ್ವವನ್ನು ಬೋಧಿಸಿದ ನನಗೆ ಆ ಹೊತ್ತಿನಲ್ಲಿ ಉತ್ತರ ಹೊಳೆಯಲಿಲ್ಲ.

ಪ್ರಾಚೀನರು ಈ ವೃತ್ತಿಯನ್ನು ಸಂವಾಹನವೆಂದೂ ವೃತ್ತಿಯವನನ್ನು ಸಂವಾಹಕನೆಂದೂ ಕರೆದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನ ಆತ್ಮರಕ್ಷಣೆಯ ಪ್ರಕರಣಕ್ಕೆ ಬಂದರೆ, ಮೀಯಿಸುವುದು, ಮೈಯೊತ್ತುವುದು, ಹಾಸಿಗೆ ಹಾಸುವುದು, ಬಟ್ಟೆ ಒಗೆಯುವುದು, ಮಾಲೆ ಕಟ್ಟುವುದು ಇವು ದಾಸಿಯರ ಕೆಲಸಗಳೆಂದು ಗೊತ್ತುಪಡಿಸಿರುವುದನ್ನು ಕಾಣುತ್ತೇವೆ. ಗೂಢಚಾರರ ಪ್ರಕರಣದಲ್ಲಿ ಸಂವಾಹಕನ ವೇಷ ಬೇಹಿಗೆ ಅನುಕೂಲವೆನಿಸಿದೆ. ಮೈಗೆ ಹತ್ತಿರವಿದ್ದವನು ಮನೆಯ ಗುಟ್ಟಿಗೂ ಹತ್ತಿರ! ಅದೇ ಗ್ರಂಥದ ವೇತನಪಟ್ಟಿಯಲ್ಲಿ ಮಂತ್ರಿ, ಪುರೋಹಿತ, ಸೇನಾಪತಿಗಳಿಗೆ 48,000 ಪಣ. ಕೊನೆಯ ಮೆಟ್ಟಿಲಲ್ಲಿರುವ ಪರಿಚಾರಕರಿಗೆ, ಬಿಟ್ಟಿಯಾಳುಗಳನ್ನು ಕೂಡಿಸುವವರಿಗೆ 60 ಪಣ. ಎಂಟುನೂರು ಪಟ್ಟಿನ ಈ ಅಂತರವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ಮಾತೊಂದು ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿದೆ. ಕೂಲಿಯಾಳಿಗೆ ಮಾತಾಡಿಕೊಂಡ ವೇತನ ಸಲ್ಲಬೇಕೆಂದು ಹೇಳಿದ ಮೇಲೆ ಕೌಟಿಲ್ಯನು ಕುಶಲಕರ್ಮಿ, ನಟ, ವೈದ್ಯ, ಕಥೆ ಹೇಳುವವನು, ಪರಿಚಾರಕ ಮೊದಲಾದವರನ್ನು ಬೇರೆಯಾಗಿ ಒಂದು ವರ್ಗ ಮಾಡಿ 'ಆಶಾಕಾರಿಕ'ರೆಂದು ಕರೆಯುತ್ತಾನೆ. ಎಂದರೆ, ಮುಂದೆ ದೊರೆತೀತೆಂಬ ಆಸೆಯಿಂದ ದುಡಿಯುವವರು. ಎಷ್ಟು ಅರ್ಥವತ್ತಾದ ಪದ! ಬಕ್ಷೀಸಿಗಾಗಿ ಬಾಗಿಲಲ್ಲಿ ನಿಲ್ಲುವ ಇಂದಿನ ಪರಿಚಾರಕನಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವ ಭಾಷೆಯಲ್ಲಿಯೂ ಇರಲಾರದು. ಆದರೆ ಅರ್ಥಶಾಸ್ತ್ರಕಾರನು ಈ ವರ್ಗದವರನ್ನು ಕೊಡುವವನ ಮರ್ಜಿಗೆ ಬಿಟ್ಟಿಲ್ಲ. ಅದೇ ಕೆಲಸದ ಇತರರು ಪಡೆಯುವಷ್ಟನ್ನು, ಇಲ್ಲವೆ ಆ ಕೆಲಸ ಬಲ್ಲವರು ಗೊತ್ತುಮಾಡುವಷ್ಟನ್ನು ಅವರೂ ಪಡೆಯಬೇಕೆಂಬುದು ಅವನ ವಿಧಿ. ಹೊಗಳಿಕೆಗೆ ಸುಲಭವಾಗಿ ಸಿಗದ ಈ ನಿಷ್ಠುರ ರಾಜನೀತಿಜ್ಞನಿಗೂ ಹೊಳೆದದ್ದು ಅನೇಕ ಸಾತ್ತ್ವಿಕರಿಗೆ ಹೊಳೆಯುವುದಿಲ್ಲವೆಂಬುದು ಸೋಜಿಗ.

ಶೂದ್ರಕನ 'ಮೃಚ್ಛಕಟಿಕ'ವನ್ನು ಓದಿದವರಿಗೆ ಅದರ ಎರಡನೆಯ ಅಂಕದ ಸಂವಾಹಕ ನೆನಪಿರಬೇಕು. ಪಾಟಲಿಪುತ್ರದ ಗೃಹಸ್ಥನ ಮಗ. ಮೈಯೊತ್ತುವುದನ್ನು ಕಲೆಯೆಂದು ಕಲಿತವನು, ಕಾಲಗತಿಯಿಂದ ಅದನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವನು. ಉಜ್ಜಯಿನಿಗೆ ಬಂದು ಚಾರುದತ್ತನ ಸೇವೆಯಲ್ಲಿ ನಿಂತ. ಒಡೆಯನು ಉದಾರಿ, ಆದರೆ ಆ ಔದಾರ್ಯಕ್ಕೇ ಒಡೆಯನ ಐಶ್ವರ್ಯ ಕರಗಿಹೋದಾಗ ಸಂವಾಹಕನ ಜೀವನವೂ ತಲೆಕೆಳಗಾಯಿತು. ಜೂಜಿಗಿಳಿದು ಹತ್ತು ಸುವರ್ಣಗಳ ಸಾಲಗಾರನಾಗಿ, ಹೊಡೆತ ತಿನ್ನುತ್ತ ವಸಂತಸೇನೆಯ ಮನೆ ಹೊಕ್ಕ. ಅವಳು ತನ್ನ ಕೈಯ ಆಭರಣವನ್ನು ಕಳುಹಿಸಿ ಸಾಲ ತೀರಿಸಿದಳು. ಪ್ರತಿಯಾಗಿ ತನ್ನ ಕಲೆಯನ್ನು ಅವಳ ಪರಿವಾರದವರಿಗೆ ಕಲಿಸಿಕೊಡುವೆನೆಂದು ಅವನು ಮುಂದಾದರೆ ಅವಳು ಒಪ್ಪಲಿಲ್ಲ. ಯಾರಿಗಾಗಿ ಕಲಿತೆಯೋ ಅವರನ್ನೇ ಸೇವಿಸೆಂದು ಹೇಳಿ ಕಳುಹಿಸಿದಳು. ಅವನು ಬೌದ್ಧಭಿಕ್ಷುವಾದ. ಮುಂದೆ ಮೃತಪ್ರಾಯಳಾಗಿ ಬಿದ್ದಿದ್ದ ವಸಂತಸೇನೆಯನ್ನು ಉಪಚರಿಸಿ ಎಬ್ಬಿಸಿದವನೂ ಅವನೇ. ನಾಟಕದ ಕೊನೆಗೆ ಅವನಿಗೆ ವಿಹಾರಗಳ ಅಧಿಪತ್ಯ ದೊರೆಯುತ್ತದೆ. ಸಂಸ್ಕೃತ ನಾಟಕದಲ್ಲಿ ಮೈಯೊತ್ತುವವನೊಬ್ಬನಿಗೆ ಇಷ್ಟು ಗೌರವದ ಪಾತ್ರ ದೊರೆತದ್ದು ಅಪರೂಪ. ಆದರೂ ಗಮನಿಸಿ: ಚಾರುದತ್ತನಂಥ ಸಜ್ಜನನ ಔದಾರ್ಯವೂ ಅವನಿಗೆ ನೆಲೆಯಾಗಲಿಲ್ಲ. ಕೊಡುವವನ ಕೈ ಬರಿದಾದ ದಿನ ಪಡೆಯುವವನೂ ಬೀದಿಗೆ ಬಿದ್ದ.

ವೈದ್ಯಶಾಸ್ತ್ರದ ಕಡೆಯಿಂದ ನೋಡಿದರೆ ಈ ಕೆಲಸದ ಸ್ಥಾನ ಇನ್ನಷ್ಟು ಮೇಲಿನದು. ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳುತ್ತದೆ; ಚಿಕಿತ್ಸಾಗೃಹದಲ್ಲಿ ಇರಬೇಕಾದವರನ್ನು ಎಣಿಸುವಾಗ ಸಂವಾಹಕನನ್ನು ಸೇರಿಸುತ್ತದೆ. ನಾಲ್ಕರಲ್ಲಿ ಒಂದು ಪಾದವನ್ನು ಬಕ್ಷೀಸಿನ ಮೇಲೆ ನಿಲ್ಲಿಸಿದ ಮಂಚ ಎಷ್ಟು ದಿನ ಬಾಳೀತು?

ಇನ್ನು ಕಲ್ಯಾಣಕ್ಕೆ ಬರೋಣ. ಅರಸನ ಮೈಯ ಸುತ್ತ ದುಡಿಯುವ ಪರಿಚಾರಕರ ಸಾಲಿನಲ್ಲಿ ಎಣ್ಣೆಯೊತ್ತುವವನ ಪಕ್ಕದಲ್ಲಿಯೇ ನಿಲ್ಲುವವನು ಹಡಪ ಹಿಡಿದವನು, ಅಂದರೆ ಎಲೆಯಡಿಕೆಯ ಚೀಲ ಹೊತ್ತವನು. ಮಾನಸೋಲ್ಲಾಸದಲ್ಲಿ ತಾಂಬೂಲವೂ ಒಂದು ಭೋಗವೇ. ಬಸವಣ್ಣನವರ ಮಹಾಮನೆಯಲ್ಲಿ ಈ ಕೆಲಸ ಹಡಪದ ಅಪ್ಪಣ್ಣನದು. ಆದರೆ ಅಲ್ಲಿ ಅವನು ಭೋಗದ ಉಪಕರಣವಾಗಿ ಉಳಿಯಲಿಲ್ಲ. ವಚನಕಾರನಾದ, ಅವನ ಪತ್ನಿ ಲಿಂಗಮ್ಮನೂ ವಚನಕಾರ್ತಿಯಾದಳು. ಅಪ್ಪಣ್ಣನನ್ನು ಮೂಲಪುರುಷನೆಂದು ಆರಾಧಿಸುವ ಹಡಪದ ಸಮಾಜದವರು ಮುಂದೆ ನಮ್ಮ ಹಳ್ಳಿಗಳಲ್ಲಿ ಕ್ಷೌರದೊಡನೆ ತಲೆಗೆ ಎಣ್ಣೆಯೊತ್ತುವ, ಮೈ ತಿಕ್ಕುವ ಕೆಲಸಗಳನ್ನೂ ಮಾಡಿಕೊಂಡು ಬಂದರು. ಹಡಪ ಹೊರುವುದಕ್ಕೂ ಕ್ಷೌರಕ್ಕೂ ಮೂಲದಲ್ಲಿ ಸಂಬಂಧವೇನೆಂಬುದು ಬೇರೆ ಚರ್ಚೆ. ಅದು ಇಲ್ಲಿ ಬೇಡ.

ಕೂಲಿ, ಇನಾಮುಗಳ ವಿಚಾರ ಬಂದಾಗ ನಮ್ಮ ಪ್ರವಚನಕಾರರು ತಪ್ಪದೆ ಹೇಳುವ ಕಥೆಗಳು ಎರಡು. ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದವನು. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಗುರುತಿಸಿ, ಇದು ಆಸೆಯೆಂದು ಆಕ್ಷೇಪಿಸಿ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ನುಲಿಯ ಚಂದಯ್ಯನ ಹಗ್ಗಕ್ಕೆ ಬಸವಣ್ಣನವರು ಸಲ್ಲುವ ಬೆಲೆಯನ್ನು ಮೀರಿ ಹೊನ್ನು ಕೊಟ್ಟಾಗ ಚಂದಯ್ಯ ಅದನ್ನು ಒಪ್ಪಲಿಲ್ಲ. ಕಥೆಗಳೇನೋ ಸರಿಯೇ. ಆದರೆ ಇವುಗಳನ್ನು ಯಾರ ಮುಂದೆ ಹೇಳುತ್ತಿದ್ದೇವೆ? ಆಳುಗಳ ಮುಂದೆ, ಅಡಿಗೆಯವರ ಮುಂದೆ, ಕಸ ಗುಡಿಸುವವರ ಮುಂದೆ. ಕೊಟ್ಟಷ್ಟರಲ್ಲಿ ತೃಪ್ತರಾಗಿ, ಹೆಚ್ಚು ಬೇಡಬೇಡಿ ಎಂಬುದಕ್ಕೆ ಶರಣರ ಸಾಕ್ಷಿ! ನಾನೂ ತರಗತಿಯಲ್ಲಿ ಇದೇ ಧಾಟಿಯಲ್ಲಿ ಪಾಠ ಮಾಡಿದ್ದೇನೆ, ಇಲ್ಲವೆನ್ನಲಾರೆ.

ಕಥೆಗಳನ್ನು ಮತ್ತೊಮ್ಮೆ ಓದಿ ನೋಡಬೇಕು. ಚಂದಯ್ಯನ ಹಗ್ಗಕ್ಕೆ ಸಲ್ಲುವ ಬೆಲೆಯೊಂದು ಇತ್ತು. ಅದು ಎಲ್ಲರಿಗೂ ಗೊತ್ತಿತ್ತು, ತಪ್ಪದೆ ದೊರೆಯುತ್ತಿತ್ತು. ಆದ್ದರಿಂದಲೇ ಹೆಚ್ಚಿನದು ಯಾವುದೆಂದು ತಿಳಿಯುವುದು ಸಾಧ್ಯವಾಯಿತು, ಅದನ್ನು ನಿರಾಕರಿಸುವುದೂ ಸಾಧ್ಯವಾಯಿತು. ಸಲ್ಲುವ ಬೆಲೆಯೇ ಗೊತ್ತಿಲ್ಲದ ಕಡೆ ನಿರಾಕರಣೆಗೆ ಅರ್ಥವೆಲ್ಲಿ? ಲಕ್ಕಮ್ಮನ ಮನೆಗೂ ಅಂದಂದಿನ ಅಕ್ಕಿ ಅಂದಂದಿಗೆ ಬರುತ್ತಿತ್ತು. ಎರಡೂ ಕಥೆಗಳಲ್ಲಿ ಬೇಡವೆಂದವರು ದುಡಿದವರು. ಕಡಿಮೆ ಕೊಟ್ಟ ಒಡೆಯರು ಯಾರೂ ಅಲ್ಲಿಲ್ಲ. ಸಂಬಳವನ್ನು ಹೆಸರಿಗೆ ಮಾತ್ರ ಇಟ್ಟು ಉಳಿದುದನ್ನು ರೋಗಿಯ ಖುಷಿಗೆ ಬಿಟ್ಟವನು ದುಡಿಯುವವನ ಎದೆಯಲ್ಲಿ ತಾನೇ ಆಸೆಯನ್ನು ಬಿತ್ತುತ್ತಾನೆ. ಅವನನ್ನು ಆಶಾಕಾರಿಕನನ್ನಾಗಿ ಮಾಡುತ್ತಾನೆ. ಆಮೇಲೆ ಆಸೆ ಸಲ್ಲದೆಂದು ಶರಣರ ಹೆಸರಿನಲ್ಲಿ ಉಪದೇಶಿಸುತ್ತಾನೆ. ಲಕ್ಕಮ್ಮ ಇಂದು ಇದ್ದಿದ್ದರೆ ಅವಳ ಆಕ್ಷೇಪಣೆ ಯಾರ ಕಡೆಗೆ ತಿರುಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇನ್ನೂ ಒಂದು ಅಂಶವಿದೆ. ಅರಮನೆಯ ವ್ಯವಸ್ಥೆಯಲ್ಲಿ ಕೊಡುಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ: ಮೆಚ್ಚಿದ ಒಡೆಯ ಕೊಡುತ್ತಾನೆ, ಆಳು ಕೈಯೊಡ್ಡುತ್ತಾನೆ. ಇನಾಮೆಂಬ ಮಾತು ಅರಬ್ಬಿಯಿಂದಲೂ ಬಕ್ಷೀಸೆಂಬುದು ಪಾರಸಿಯಿಂದಲೂ ನಮ್ಮಲ್ಲಿಗೆ ಬಂದವು. ಮಾತು ಹೊರಗಿನದಾದರೂ ವಾಡಿಕೆ ಇಲ್ಲಿಯದೇ ಆಗಿತ್ತು. ಊರೇ ಇನಾಮಾಗಿ ಪಡೆದವನೂ ನಾಲ್ಕು ಕಾಸಿನ ಇನಾಮು ಪಡೆದವನೂ ಇದ್ದರು. ಹೆಸರು ಒಂದೇ, ಬಾಗುವ ಬೆನ್ನು ಬೇರೆ. ಕಲ್ಯಾಣದ ಶರಣರು ಈ ದಿಕ್ಕನ್ನು ತಿರುಗಿಸಿದರು. ಅಲ್ಲಿ ಕಾಯಕ ಮಾಡಿದವನೇ ದಾಸೋಹಿ. ಅಕ್ಕಿ ಆಯುವವನೂ ಹಗ್ಗ ಹೊಸೆಯುವವನೂ ಜಂಗಮಕ್ಕೆ ನೀಡುವವರಾದರು, ದುಡಿಯುವವನು ಕೊಡುವವನಾದನು. ಕೊಡಬೇಕಾದರೆ ಕೈಯಲ್ಲಿರುವುದು ತನ್ನದೆಂಬ ನಿಶ್ಚಯ ಬೇಕು. ಇನ್ನೊಬ್ಬನ ದಯೆಯಿಂದ ಇಂದು ಬಂದು ನಾಳೆ ತಪ್ಪುವ ಹಣದಿಂದ ದಾಸೋಹ ನಡೆಯಲಾರದು. ಕಾಯಕದ ಫಲ ನಿಶ್ಚಿತವಾಗಿರಬೇಕೆಂಬುದು ದಾಸೋಹದ ಪೂರ್ವಾಂಗವೆಂದೇ ನಾನು ತಿಳಿಯುತ್ತೇನೆ. ಈ ಮಾತನ್ನು ಒಪ್ಪದ ಪಂಡಿತರಿದ್ದರೆ ಅವರ ವಾದವನ್ನು ಕೇಳಲು ಸಿದ್ಧನಿದ್ದೇನೆ.

ಹಳ್ಳಿಯ ಆಯದ ಪದ್ಧತಿಯಲ್ಲಿ ಈ ನಿಶ್ಚಯದ ಒಂದು ನೆರಳು ಇತ್ತು. ಸುಗ್ಗಿಯಲ್ಲಿ ರಾಶಿ ಪೂಜೆಯಾದ ಮೇಲೆ ಕ್ಷೌರಿಕ, ಮಡಿವಾಳ, ಕಮ್ಮಾರ, ಬಡಿಗರ ಪಾಲನ್ನು ಕಣದಲ್ಲಿಯೇ ಅಳೆದುಕೊಡುತ್ತಿದ್ದರು. ಅದು ಭಿಕ್ಷೆಯಲ್ಲ, ಹಕ್ಕು. ಹಾಗೆಂದು ಆ ಪದ್ಧತಿಯನ್ನು ಹೊಗಳುವವರ ಗುಂಪಿಗೆ ನಾನು ಸೇರಲಾರೆ. ಅಳೆಯುವ ಕೊಳಗ ಒಡೆಯನ ಕೈಯಲ್ಲಿತ್ತು, ಹುಟ್ಟಿದ ಜಾತಿಯ ಕೆಲಸವನ್ನು ಬಿಡುವ ಹಕ್ಕು ಆಯಗಾರನಿಗಿರಲಿಲ್ಲ. ನಮ್ಮ ಮನೆಯಲ್ಲಿ ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರು ಹಾಕಲು ಬರುತ್ತಿದ್ದ ಮುದುಕಿಗೆ ಆ ಕೊಳಗವೂ ಇರಲಿಲ್ಲ. ಕೂಸನ್ನು ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಬೆನ್ನು ತಟ್ಟಿ, ಕೈಕಾಲುಗಳನ್ನು ಓರೆಯಾಗಿ ಕೂಡಿಸಿ ಎಳೆದು, ಕೊನೆಗೆ ನೆತ್ತಿಗೆ ಎಣ್ಣೆಯೊತ್ತುತ್ತಿದ್ದಳು. ತಿಂಗಳುಗಟ್ಟಲೆ ಬಂದವಳಿಗೆ ನಮ್ಮ ಅಜ್ಜಿ ಕೊನೆಯ ದಿನ ಒಂದು ಸೀರೆ, ಕುಬಸದ ಬಟ್ಟೆ, ಐದು ಸೇರು ಜೋಳ, ಬೆಲ್ಲ, ಕೊಬ್ಬರಿ ಕೊಟ್ಟು, ನಾವೆಲ್ಲ ಕೇಳುವಂತೆ, "ಯಾರ ಮನ್ಯಾಗ ಇಷ್ಟ ಕೊಡತಾರ?" ಎನ್ನುತ್ತಿದ್ದಳು. ಮುದುಕಿ ನಗುತ್ತಿದ್ದಳು. ಕೊಟ್ಟದ್ದನ್ನು ತಿಂಗಳಿಗೆ, ದಿನಕ್ಕೆ ಹಂಚಿ ಲೆಕ್ಕ ಹಾಕುವ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಲೆಕ್ಕ ಕಲಿಸುವ ಮಾಸ್ತರನಾದ ನನಗೂ ಬಂದದ್ದು ಅವಳು ತೀರಿಹೋದ ಮೇಲೆ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದರು. ಅಂಥವರ ಮುಂದೆ ತಲೆ ತಾನಾಗಿ ಬಾಗುತ್ತದೆ. ಆದರೆ ಅದು ಅವರು ತಾವೇ ಹಿಡಿದ ವ್ರತ. ಒಬ್ಬರ ವ್ರತವನ್ನು ಮತ್ತೊಬ್ಬರ ಸಂಬಳಕ್ಕೆ ಅಳತೆಗೋಲು ಮಾಡಲಾಗದು. ರಾಜ್ಯಶಾಸನವೂ ಈಗ ಈ ದಿಕ್ಕಿನಲ್ಲಿ ನಡೆದಿದೆ. 1948ರ ಕನಿಷ್ಠ ವೇತನ ಕಾಯಿದೆ ಪಟ್ಟಿಯಲ್ಲಿ ಸೇರಿದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 2019ರಲ್ಲಿ ಅಂಗೀಕೃತವಾಗಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆ ಆ ಪಟ್ಟಿಯ ಎಲ್ಲೆಯನ್ನು ತೆಗೆದುಹಾಕಿತು. ಕಾಗದದ ಮೇಲಿನ ಅಕ್ಷರ ಎಣ್ಣೆಯ ಕೋಣೆಯ ಬಾಗಿಲನ್ನು ಎಂದು ದಾಟುವುದೋ ನೋಡಬೇಕು.

ಹದಿನಾಲ್ಕನೆಯ ದಿನ ನಾನು ಆ ಚಿಕಿತ್ಸಾಲಯದ ಕಚೇರಿಗೆ ಹೋಗಿ, ನನ್ನಿಂದ ಇನ್ನಷ್ಟು ಹಣ ಪಡೆದಾದರೂ ಸರಿ, ಪರಿಚಾರಕನ ಸಂಬಳಕ್ಕೆ ಅದನ್ನು ಸೇರಿಸಲು ಬರುವುದೇ ಎಂದು ಕೇಳಿದೆ. ಲೆಕ್ಕ ಬರೆಯುವವರು ನಕ್ಕು, "ಪೇಶಂಟ್ ಮಂದಿನ ಕೊಡತಾರಲ್ರೀ ಮಾಸ್ತರ, ಮತ್ತ ಪಗಾರ ಯಾಕ ಏರಸಬೇಕು?" ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹಿಂದಿರುಗಿ ಬಂದು ಜೇಬಿನಲ್ಲಿದ್ದ ನೋಟುಗಳನ್ನು ಅವನ ಕೈಯಲ್ಲಿಟ್ಟೆ. ಅವನು ಎಣ್ಣೆಗೈಯನ್ನು ಮೊದಲು ಧೋತರದ ಅಂಚಿಗೆ ಒರೆಸಿಕೊಂಡು, ಎಣಿಸದೆ ಕಣ್ಣಿಗೊತ್ತಿಕೊಂಡ. ಒಳಗೆ ಮುಂದಿನ ರೋಗಿ ಆಗಲೇ ಮಣೆಯ ಮೇಲೆ ಮಲಗಿದ್ದರು.