ದಿಣ್ಣೆಯ ಕೆಮ್ಮಣ್ಣು, ತಗ್ಗಿನ ಎರೆ: ಮೈಸೂರು ನಗರದ ನೆಲದಲ್ಲಿ ಹುಳಿ ಮತ್ತು ಬಸಿತ

ನೀರು ನಿಲ್ಲುವ ಜೇಡಿನೆಲ ಹುಳಿಯಾಗಿರುತ್ತದೆ, ಅದಕ್ಕೆ ಸುಣ್ಣ ಹಾಕಬೇಕು ಎಂಬ ಸಲಹೆ ಕೈತೋಟದ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಮಳೆ ಹೆಚ್ಚು, ಬಿಸಿಲು ಕಡಿಮೆ ಇರುವ ದೇಶಗಳಲ್ಲಿ ಹುಟ್ಟಿದ ಸಲಹೆ ಇದು. ಅಲ್ಲಿಗೆ ಸರಿ. ಮೈಸೂರಿನಲ್ಲಿ ಅದನ್ನೇ ಪಾಲಿಸಿದರೆ ಗಿಡದ ಎಲೆ ಹಳದಿಯಾಗುವ ಸಂಭವವೇ ಹೆಚ್ಚು. ಎತ್ತರದ ನೆಲ, ಜೇಡಿ, ನೀರು ಬಸಿಯದಿರುವುದು, ಆಮ್ಲತೆ ಎಂಬ ನಾಲ್ಕು ಗುಣಗಳು ಒಂದೇ ಗುಂಡಿಯಲ್ಲಿ ಕೂಡಿಬರುವ ಮಣ್ಣು ಲೋಕದಲ್ಲಿದೆ. ಮೈಸೂರು ನಗರದ ನೆಲದಲ್ಲಿ ಈ ಗುಣಗಳು ಬಿಡಿಬಿಡಿಯಾಗಿ, ಹೆಚ್ಚೆಂದರೆ ಎರಡು ಮೂರು ಸೇರಿ ಕಾಣುತ್ತವೆ. ನಾಲ್ಕೂ ಒಟ್ಟಿಗೆ ಬಾರದಿರುವುದಕ್ಕೆ ಕಾರಣವೇನೆಂಬುದು ಈ ಟಿಪ್ಪಣಿಯ ವಿಷಯ.

ಮೊದಲು ನೆಲದ ಏರಿಳಿತ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಉತ್ತರದ ಕಾವೇರಿಗೂ ದಕ್ಷಿಣದ ಕಪಿಲೆ ಅಥವಾ ಕಬಿನಿಗೂ ನಡುವಿನ ಏರಿನ ಮೇಲೆ ನಗರ ಕೂತಿದೆ. ಅಡಿಯಲ್ಲಿರುವುದು ಹೆಚ್ಚಾಗಿ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಚಾಮುಂಡಿ ಬೆಟ್ಟದ ಗ್ರಾನೈಟ್ ಅದರ ಮುಂದೆ ಎಳೆಯದು, ಸುಮಾರು 80 ಕೋಟಿ ವರ್ಷದ್ದು. ನಗರ ಸಮತಟ್ಟಾಗಿ ತೋರಿದರೂ ನೀರಿಗೆ ಅದರ ಇಳಿಜಾರು ಚೆನ್ನಾಗಿ ಗೊತ್ತು. ಕೊಳಚೆ ನೀರಿನ ಸಂಸ್ಕರಣಾ ಘಟಕಗಳು ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆ ಎಂಬ ಮೂರು ಕಡೆ ಇವೆ. ಕೆಸರೆಯ ಕಣಿವೆ ಕಾವೇರಿಯತ್ತ ಇಳಿಯುತ್ತದೆ, ಉಳಿದೆರಡು ದಕ್ಷಿಣಕ್ಕೆ. ಒಳಚರಂಡಿ ಎಂಜಿನಿಯರರ ನಕ್ಷೆಯನ್ನು ಮಣ್ಣಿನ ನಕ್ಷೆಯ ಪಕ್ಕದಲ್ಲಿಟ್ಟು ಓದಿದರೆ ನಗರದ ನೆಲ ಬೇಗ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ಈ ಕಣಿವೆಗಳ ನಡುವಿನ ದಿಣ್ಣೆಗಳಲ್ಲಿ, ಹಳ್ಳಿಗರು ಬೋರೆ ಎನ್ನುವ ಜಾಗಗಳಲ್ಲಿ, ಪಾಯ ತೋಡಿದಾಗ ಕಾಣುವುದು ಕೆಮ್ಮಣ್ಣು. ಮೇಲಿನ ಪದರದಲ್ಲಿ ಮರಳು ಹೆಚ್ಚು. ಕೆಳಗಿಳಿದಂತೆ ಜೇಡಿಯ ಅಂಶ ಏರುತ್ತದೆ, ಬಣ್ಣ ಗಾಢವಾಗುತ್ತದೆ, ಇನ್ನೂ ಕೆಳಗೆ ಕೊಳೆತ ನೈಸ್‌ನ ಬಿಳಿ, ಹಳದಿ ಗೆರೆಗಳು ಬರುತ್ತವೆ. ಮಣ್ಣು ವಿಜ್ಞಾನಿಗಳು ಇದನ್ನು ಆಲ್ಫಿಸಾಲ್ ಗಣಕ್ಕೆ ಸೇರಿಸುತ್ತಾರೆ. ಇದರ ರಸಸಾರ, ಅಂದರೆ ಪಿಎಚ್, ಸಾಮಾನ್ಯವಾಗಿ ಆರರಿಂದ ಏಳರ ಆಸುಪಾಸು. ಅಂದರೆ ತುಸು ಹುಳಿ, ಇಲ್ಲವೇ ತಟಸ್ಥ. ಬೆಳೆಗೆ ನಿಜವಾದ ತೊಂದರೆ ಶುರುವಾಗುವುದು ರಸಸಾರ 5.5ಕ್ಕಿಂತ ಕೆಳಗಿಳಿದು, ಜೇಡಿಯೊಳಗಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡತೊಡಗಿದಾಗ. ಮೈಸೂರಿನ ಬೋರೆಗಳು ಆ ಗಡಿಗೆ ಸಾಮಾನ್ಯವಾಗಿ ಹೋಗುವುದಿಲ್ಲ.

ಕೆಳಪದರದಲ್ಲಿ ಅಷ್ಟು ಜೇಡಿ ಇದ್ದರೂ ಅಲ್ಲಿ ನೀರು ಏಕೆ ನಿಲ್ಲುವುದಿಲ್ಲ? ಉತ್ತರ ಜೇಡಿಯ ಜಾತಿಯಲ್ಲಿದೆ. ಕೆಮ್ಮಣ್ಣಿನ ಜೇಡಿ ಬಹುಪಾಲು ಕೆಯೊಲಿನೈಟ್. ಅದರ ಪದರಗಳ ನಡುವೆ ನೀರು ನುಗ್ಗಲಾರದು, ಆದ್ದರಿಂದ ಅದು ಉಬ್ಬುವುದಿಲ್ಲ, ಒಣಗಿದಾಗ ಸೀಳುವುದೂ ಇಲ್ಲ. ಕಣಗಳನ್ನು ಕಬ್ಬಿಣದ ಆಕ್ಸೈಡು ಸಣ್ಣ ಸಣ್ಣ ಹರಳುಗಳಾಗಿ ಅಂಟಿಸಿ ಹಿಡಿದಿರುತ್ತದೆ, ಹರಳುಗಳ ನಡುವಿನ ಸಂದುಗಳಲ್ಲಿ ನೀರು ಇಳಿದುಹೋಗುತ್ತದೆ. ಕೆಂಪು ಬಣ್ಣವೇ ಇದಕ್ಕೆ ಸಾಕ್ಷಿ: ಗಾಳಿಯಾಡದೆ ನೀರು ತಿಂಗಳುಗಟ್ಟಲೆ ನಿಂತಿದ್ದರೆ ಆ ಕಬ್ಬಿಣ ಕರಗಿ ಮಣ್ಣು ಬೂದುಬಣ್ಣಕ್ಕೆ ತಿರುಗಬೇಕಿತ್ತು. ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಇದು ಜೇಡಿ, ನೀರು ಬಸಿಯದು ಎಂದು ತೀರ್ಮಾನಿಸುವವರು ಎಡವುವುದು ಇಲ್ಲಿ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಇಂಥ ಹಗುರ ಕೆಮ್ಮಣ್ಣನ್ನೇ ನೆಚ್ಚಿಕೊಂಡಿದೆ, ಆ ಬೆಳೆಗೆ ಬೇರಿನಲ್ಲಿ ನೀರು ನಿಂತರೆ ಆಗದು.

ಬೋರೆ ಬಿಟ್ಟು ತಗ್ಗಿಗೆ ಬಂದರೆ ಚಿತ್ರ ಪೂರ್ತಿ ಬೇರೆ. ಕಣಿವೆಯ ತಳದಲ್ಲಿ ಎರೆಮಣ್ಣು, ವರ್ಟಿಸಾಲ್. ಇಲ್ಲಿನ ಜೇಡಿ ಸ್ಮೆಕ್ಟೈಟ್. ನೀರು ಕುಡಿದು ಉಬ್ಬಿ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರುಕು ಬಿಡುತ್ತದೆ. ಮೈಸೂರಿನ ಹೆಸರಾಂತ ವೀಳ್ಯದೆಲೆಯ ತೋಟಗಳು ಹಳೆ ಅಗ್ರಹಾರದಿಂದ ವಿದ್ಯಾರಣ್ಯಪುರದ ತನಕ ಹಬ್ಬಿದ್ದುದು ಇಂಥ ಕಪ್ಪು ಜೇಡಿಯ ಮೇಲೆ. ಭೌಗೋಳಿಕ ಗುರುತು ಪಡೆದಿರುವ ಆ ಎಲೆಯ ನುಣುಪಿಗೂ ಖಾರಕ್ಕೂ ಈ ಮಣ್ಣಿನ ಪಾಲಿದೆ ಎನ್ನುತ್ತಾರೆ. ಈಗ ಆ ನೆಲದ ಬಹುಭಾಗದಲ್ಲಿ ಮನೆಗಳಿವೆ. ಗೋಡೆ ಬಿರುಕು ಬಿಟ್ಟಿತೆಂದು ಕಂಟ್ರಾಕ್ಟರನನ್ನು ಬೈಯುವ ಮೊದಲು ಪಾಯದಡಿಯ ಎರೆಯನ್ನೂ ಒಮ್ಮೆ ವಿಚಾರಿಸುವುದು ನ್ಯಾಯ.

ಈ ಎರೆಯಲ್ಲಿ ನೀರು ನಿಲ್ಲುತ್ತದೆ. ಹಾಗಾದರೆ ಪುಸ್ತಕದ ಪ್ರಕಾರ ಹುಳಿಯಾಗಿರಬೇಕು. ಆದರೆ ಅಗೆದರೆ ಸಿಗುವುದು ಸುಣ್ಣದ ಉಂಡೆಗಳು. ಅವುಗಳ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ತೊಟ್ಟು ಬಿಟ್ಟರೆ ಬುಸುಗುಟ್ಟಿ ನೊರೆಯೇಳುತ್ತದೆ. ಸುಣ್ಣ ಹೀಗೆ ಉಂಡೆಕಟ್ಟಿರುವ ಮಣ್ಣಿನ ರಸಸಾರ ಎಂಟರ ಸುತ್ತಮುತ್ತ ಇರುತ್ತದೆ. ಅಂದರೆ ನಗರದ ನೆಲದಲ್ಲಿ ತುಸುವಾದರೂ ಹುಳಿ ಇರುವುದು ನೀರು ಬಸಿಯುವ ಕಡೆ, ನೀರು ನಿಲ್ಲುವ ಕಡೆ ಇರುವುದು ಕ್ಷಾರ.

ಕಾರಣ ಮಳೆಯ ಲೆಕ್ಕದಲ್ಲಿದೆ. ಮಣ್ಣು ಹುಳಿಯಾಗಬೇಕಾದರೆ ಅದರಲ್ಲಿರುವ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ನೀರಿನಲ್ಲಿ ಕರಗಿ ಹೊರಟುಹೋಗಬೇಕು. ಹೊರಟುಹೋಗಲು ದಾರಿ ಬೇಕು, ಅಂದರೆ ಬಸಿತ ಬೇಕು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಅದೂ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ ಜೋರು. ಇಲ್ಲಿನ ಬಿಸಿಲು ಆವಿಯಾಗಿಸಬಲ್ಲ ನೀರು ಇದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಬೋರೆಯಿಂದ ತೊಳೆದುಬಂದ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ನದಿ ಮುಟ್ಟುವ ಮೊದಲೇ ತಗ್ಗಿನಲ್ಲಿ ಬೀಡುಬಿಡುತ್ತವೆ. ನೀರು ಆವಿಯಾಗುತ್ತದೆ, ಸುಣ್ಣ ಉಳಿಯುತ್ತದೆ. ಸ್ಮೆಕ್ಟೈಟ್ ರೂಪುಗೊಳ್ಳುವುದಕ್ಕೆ ಬೇಕಾದ ಸಾಮಗ್ರಿಯೂ ಅದೇ ದಾರಿಯಲ್ಲಿ ಬಂದು ಸೇರುತ್ತದೆ. ಒಂದೇ ಇಳಿಜಾರಿನ ಮೇಲ್ತುದಿಯ ನಷ್ಟ ಕೆಳತುದಿಯ ಲಾಭ. ಬಸಿಯದ ನೆಲ ಹುಳಿಯಾಗಬೇಕಾದರೆ ಆವಿಯಾಗುವುದಕ್ಕಿಂತ ಬೀಳುವುದೇ ಹೆಚ್ಚಿರಬೇಕು, ಇಲ್ಲವೇ ಮೂಲಶಿಲೆಯಲ್ಲೇ ತೊಳೆಯಲು ಏನೂ ಇರಬಾರದು. ಮೈಸೂರಿನಲ್ಲಿ ಎರಡೂ ಇಲ್ಲ.

ಇಳಿಜಾರಿನುದ್ದಕ್ಕೂ ಬದಲಾಗುವ ಈ ಬಗೆಯ ಮಣ್ಣುಗಳ ಸಾಲನ್ನು ಪೂರ್ವ ಆಫ್ರಿಕದಲ್ಲಿ ಗುರುತಿಸಿ, ಅದಕ್ಕೆ 1930ರ ದಶಕದಲ್ಲಿ ಕ್ಯಾಟಿನಾ ಎಂದು ಹೆಸರಿಟ್ಟವನು ಜೆಫ್ರಿ ಮಿಲ್ನ್. ಮೇಲೆ ಕೆಂಪು, ಕೆಳಗೆ ಕಪ್ಪು ಎಂಬ ಅವನ ಚಿತ್ರ ಮೈಸೂರಿಗೂ ಹೊಂದುತ್ತದೆ. ನಮ್ಮ ರೈತರು ಅದಕ್ಕೂ ಮೊದಲೇ ಹೊಲವನ್ನು ಹೀಗೆ ವಿಂಗಡಿಸಿಕೊಂಡಿದ್ದರು. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್, ಎರೆ, ಕೆಬ್ಬೆ, ಮರಳು ಎಂದು ರೈತರು ನೆಲ ಬೇರ್ಪಡಿಸುವುದನ್ನು ಕೇಳಿ ಬರೆದುಕೊಂಡ. ಅದೇ ಪ್ರವಾಸದಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಅವನು ಕಂಡ ಕೆಂಪು ಜಂಬಿಟ್ಟಿಗೆಗೆ ಲ್ಯಾಟರೈಟ್ ಎಂಬ ಹೆಸರು ಬಂದು, 1807ರ ಅವನ ಗ್ರಂಥದ ಮೂಲಕ ಜಗತ್ತಿಗೆಲ್ಲ ಹರಡಿತು. ಮೈಸೂರು ಸಂಸ್ಥಾನದಲ್ಲಿ ಮಣ್ಣನ್ನು ಪ್ರಯೋಗಾಲಯಕ್ಕೆ ತಂದ ಕೆಲಸ ಶುರುವಾದದ್ದು 1899ರಲ್ಲಿ: ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು, ಲೆಹ್ಮನ್ ಎಂಬ ವಿಜ್ಞಾನಿ ಮಣ್ಣು-ಬೆಳೆಗಳ ಸಂಬಂಧದ ಅಧ್ಯಯನಕ್ಕೆ ಅಲ್ಲಿ ಕೈಹಾಕಿದರು. ಇಂದಿನ ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ.

ಇನ್ನು ನೀರು ನಿಂತರೆ ಹುಳಿ ಎಂಬ ನಂಬಿಕೆಯ ರಸಾಯನಶಾಸ್ತ್ರ. ಹುಳಿಮಣ್ಣಿನ ಮೇಲೆ ನೀರು ನಿಲ್ಲಿಸಿದರೆ ರಸಸಾರ ಕೆಲವೇ ವಾರಗಳಲ್ಲಿ ಏಳರತ್ತ ಏರುತ್ತದೆ. ಆಮ್ಲಜನಕ ಮುಗಿದ ಮೇಲೆ ಸೂಕ್ಷ್ಮಜೀವಿಗಳು ಕಬ್ಬಿಣದ ಆಕ್ಸೈಡನ್ನು ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ, ಆ ಕ್ರಿಯೆ ಹೈಡ್ರೋಜನ್ ಅಯಾನುಗಳನ್ನು ನುಂಗಿಹಾಕುತ್ತದೆ. ಭತ್ತದ ಗದ್ದೆಯ ಮಣ್ಣಿನ ಕುರಿತು 1972ರಲ್ಲಿ ಪೊನ್ನಂಪೆರುಮ ಬರೆದ ಪ್ರಬಂಧ ಇದನ್ನು ಕೂಲಂಕಷವಾಗಿ ವಿವರಿಸಿದೆ. ಮಲೆನಾಡಿನ ಹುಳಿನೆಲದಲ್ಲಿ ಭತ್ತ ಸುಣ್ಣವಿಲ್ಲದೆಯೂ ಬದುಕುವ ಗುಟ್ಟಿನಲ್ಲಿ ಇದೂ ಒಂದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1970ರಲ್ಲಿ ಬ್ರಿಂಕ್‌ಮನ್ ಫೆರೊಲಿಸಿಸ್ ಎಂದು ಕರೆದ ಪ್ರಕ್ರಿಯೆಯಲ್ಲಿ, ಮಳೆಗಾಲದಲ್ಲಿ ಕರಗಿದ ಕಬ್ಬಿಣ ಜೇಡಿಯ ಮೇಲಿನ ಕ್ಯಾಲ್ಸಿಯಮನ್ನು ತಳ್ಳಿ ಆ ಜಾಗ ಹಿಡಿಯುತ್ತದೆ, ತಳ್ಳಿಸಿಕೊಂಡ ಕ್ಯಾಲ್ಸಿಯಂ ನೀರಿನೊಡನೆ ಹೋಗುತ್ತದೆ. ಬೇಸಿಗೆಯಲ್ಲಿ ಕಬ್ಬಿಣ ಮತ್ತೆ ತುಕ್ಕಾಗುವಾಗ ಆಮ್ಲ ಹುಟ್ಟಿ ಜೇಡಿಯನ್ನೇ ಕೊರೆಯುತ್ತದೆ. ಹೀಗೆ ನೆನೆದು ಒಣಗಿ, ನೆನೆದು ಒಣಗಿ, ಶತಮಾನಗಳಲ್ಲಿ ಬಸಿಯದ ಹುಳಿನೆಲ ತಯಾರಾಗುತ್ತದೆ. ಇದಕ್ಕೂ ಒಂದು ಷರತ್ತಿದೆ: ಸ್ಥಾನ ಕಳೆದುಕೊಂಡ ಕ್ಯಾಲ್ಸಿಯಂ ಅಲ್ಲಿಂದ ತೊಲಗಬೇಕು. ಮೈಸೂರಿನ ತಗ್ಗಿನಲ್ಲಿ ಅದು ತೊಲಗುವುದಿಲ್ಲ.

ನಾಲ್ಕು ಗುಣಗಳೂ ಕೂಡಿದ ಮಣ್ಣಿಗೆ ಉದಾಹರಣೆ ಅಮೆರಿಕದ ಮಿಸಿಸಿಪ್ಪಿಯಲ್ಲಿದೆ. ಅಲ್ಲಿನ ಮೇಹ್ಯೂ ಸರಣಿಯ ಮಣ್ಣು ಸ್ಮೆಕ್ಟೈಟ್ ಜೇಡಿ, ಮೇಲ್ನೆಲದಲ್ಲೇ ಇದ್ದರೂ ನೀರು ಬಸಿಯದು, ಜೊತೆಗೆ ಹುಳಿ. ಸಮತಟ್ಟಾದ ನೆಲ, ಅಡಿಯಲ್ಲಿ ಹಳೆಯ ಜೇಡಿಯ ನಿಕ್ಷೇಪ, ಮೇಲೆ ಮೈಸೂರಿನ ದುಪ್ಪಟ್ಟಿಗೆ ಸಮೀಪದ ಮಳೆ. ನಮ್ಮ ಕಡೆ ಪಶ್ಚಿಮಕ್ಕೆ ಹೋದರೂ ಇದು ಪೂರ್ತಿಯಾಗಿ ಸಿಗುವುದಿಲ್ಲ. ಮಡಿಕೇರಿಯಲ್ಲಿ 3,000 ಮಿಲಿಮೀಟರ್ ಮೀರಿದ ಮಳೆ ಬೆಟ್ಟದ ಜೇಡಿಯನ್ನು ತೊಳೆದು ಹುಳಿ ಮಾಡಿದೆ, ಕೊಡಗಿನ ಕಾಫಿ ಬೆಳೆಗಾರರಿಗೆ ಸುಣ್ಣ ಹಾಕುವುದು ತೋಟದ ವಾಡಿಕೆಯ ಕೆಲಸ. ಆದರೆ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ನೀಲಗಿರಿಯಲ್ಲಿ, ಊಟಿಯ ಸುತ್ತಲ ಎತ್ತರದಲ್ಲಿ, ತಂಪಿನಿಂದಾಗಿ ನೀರು ಬೇಗ ಆವಿಯಾಗದೆ ಹುಳಿಯಾದ ಜೌಗು ಉಳಿದಿದೆ. ಸ್ಯಾಂಡಿನಲ್ಲದ ಅಂಥ ಪೀಟ್ ನಿಕ್ಷೇಪದಿಂದಲೇ ಆರ್. ಸುಕುಮಾರ್ ಮತ್ತು ಸಂಗಡಿಗರು ಸಾವಿರಾರು ವರ್ಷಗಳ ಹವಾಮಾನದ ಏರುಪೇರನ್ನು ಓದಿ 1993ರಲ್ಲಿ ಪ್ರಕಟಿಸಿದರು. ಅದು ಕೊಳೆತ ಸಸ್ಯದ ಮಣ್ಣು, ಅದನ್ನು ಜೇಡಿಯ ಲೆಕ್ಕಕ್ಕೆ ಹಿಡಿಯಲಾಗದು.

ಮೈಸೂರಿಗೆ ಮರಳಿದರೆ, ನನಗೆ ಅತ್ಯಂತ ಕುತೂಹಲದ ನೆಲ ನಗರದ ದಕ್ಷಿಣಕ್ಕಿದೆ. ಸಿಂಧುವಳ್ಳಿಯಲ್ಲಿ ಕ್ರೋಮೈಟ್, ದೊಡ್ಡಕಾನ್ಯದಲ್ಲಿ ಮ್ಯಾಗ್ನಸೈಟ್ ತೆಗೆದ ಗಣಿಗಳ ಆಸುಪಾಸು. ಅಲ್ಲಿ ನೈಸ್‌ನ ನಡುವೆ ಸರಗೂರು ಗುಂಪಿನ ಅತಿ ಪುರಾತನ ಶಿಲೆಗಳ ಪಟ್ಟಿಗಳಿವೆ, ಮ್ಯಾಗ್ನೀಸಿಯಂ ತುಂಬಿದ ಶಿಲೆಗಳು. ಇಂಥ ಕಲ್ಲು ಶಿಥಿಲವಾದಲ್ಲಿ ಸ್ಮೆಕ್ಟೈಟ್ ಹುಟ್ಟಲು ತಗ್ಗಿಗೆ ಕಾಯಬೇಕಿಲ್ಲ, ಸಾಮಗ್ರಿ ಕಲ್ಲಿನಲ್ಲೇ ಇದೆ. ಬಂಡೀಪುರ ಕಾಡಿನ ಮೂಲೆಹೊಳೆ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರೆಂಚ್ ವಿಜ್ಞಾನಿಗಳು 2003ರ ಸುಮಾರಿನಿಂದ ನಡೆಸುತ್ತಿರುವ ಅಧ್ಯಯನ ಕಬಿನಿ ಸೀಮೆಯ ಕೆಂಪು-ಕಪ್ಪು ಮಣ್ಣುಗಳ ಹಂಚಿಕೆಯನ್ನು ವಿವರವಾಗಿ ತೋರಿಸಿದೆ, ಮೂಲಶಿಲೆಯ ಬದಲಾವಣೆಗೆ ಅದರಲ್ಲಿ ದೊಡ್ಡ ಪಾತ್ರವಿದೆ. ಹೀಗೆ ಎತ್ತರ, ಜೇಡಿ, ಬಸಿಯದಿರುವುದು ಎಂಬ ಮೂರು ಗುಣಗಳು ಮೈಸೂರಿನ ಮಗ್ಗುಲಲ್ಲೇ ಕೂಡಬಹುದು. ನಾಲ್ಕನೆಯದಾದ ಆಮ್ಲತೆಯನ್ನು ಆ ಕಲ್ಲಿನ ಮ್ಯಾಗ್ನೀಸಿಯಮ್ಮೇ ತಡೆಯುತ್ತದೆ.

ಜೇಡಿ ದಿಣ್ಣೆ ಹತ್ತುವ ಇನ್ನೊಂದು ದಾರಿ ಗಾಡಿಯದು. ಬೇಸಿಗೆಯಲ್ಲಿ ಕೆರೆಯ ಗೋಡು ತೆಗೆದು ಕೆಮ್ಮಣ್ಣಿನ ಹೊಲಕ್ಕೆ ಹರಡುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಇಳಿಜಾರು ಕದ್ದದ್ದನ್ನು ರೈತ ಹಿಂದಕ್ಕೆ ಕೊಡುತ್ತಾನೆ. ನಗರದೊಳಗೆ ಇದರ ವಿಕೃತ ರೂಪವೂ ಇದೆ: ಕಟ್ಟಡದ ಅವಶೇಷ, ಸಿಮೆಂಟು ಗಾರೆ ಬೆರೆತ ಭರ್ತಿ ಮಣ್ಣು. ಅದು ಬೋರೆಯ ಮೇಲಿನ ನಿವೇಶನದಲ್ಲೂ ರಸಸಾರವನ್ನು ಎಂಟರತ್ತ ಒಯ್ಯುತ್ತದೆ, ಮೇಲಾಗಿ ತುಳಿದು ಗಟ್ಟಿಯಾಗಿ ನೀರನ್ನೂ ತಡೆಯುತ್ತದೆ. ಅಲ್ಲಿ ನೆಟ್ಟ ಗುಲಾಬಿಯ, ಸಂಪಿಗೆಯ ಎಳೆ ಎಲೆಗಳು ನರ ಹಸಿರಾಗಿ, ನಡು ಹಳದಿಯಾದರೆ ಕಾರಣ ಹೆಚ್ಚಾಗಿ ಕಬ್ಬಿಣದ ಕೊರತೆ. ಸುಣ್ಣ ಅದನ್ನು ಬಿಗಡಾಯಿಸುತ್ತದೆ. ಬೇಕಾದದ್ದು ಬಸಿಗಾಲುವೆ ಮತ್ತು ಗೊಬ್ಬರ. ಹಿಪ್ಪುನೇರಳೆಗೆ ಹಿತವಾದ ರಸಸಾರ 6.2ರಿಂದ 6.8 ಎಂದು ರೇಷ್ಮೆ ಕೃಷಿಯ ಕೈಪಿಡಿಗಳು ಹೇಳುತ್ತವೆ, ಮೈಸೂರಿನ ಕೆಡದ ಕೆಮ್ಮಣ್ಣು ಬಹುಮಟ್ಟಿಗೆ ಅದರ ಹತ್ತಿರವೇ ಇರುತ್ತದೆ.

ಅನುಮಾನವಿದ್ದವರು ಅಕ್ಟೋಬರಿನ ಮಳೆ ನಿಂತ ವಾರದಲ್ಲಿ ಎರಡು ಅಡಿ ಗುಂಡಿ ತೋಡಿ ನೋಡಬೇಕು. ಗುಂಡಿಯ ಗೋಡೆ ಉದ್ದಕ್ಕೂ ಒಂದೇ ಕೆಂಪಾಗಿದ್ದರೆ ಬಸಿತ ಸರಿಯಿದೆ. ಬೂದುಬಣ್ಣದಲ್ಲಿ ತುಕ್ಕಿನ ಚುಕ್ಕೆಗಳು ಹರಡಿದ್ದರೆ ನೀರು ನಿಲ್ಲುತ್ತದೆ. ಅಂಥ ಕಡೆಯ ಮಣ್ಣಿನ ರಸಸಾರವನ್ನು ಹಸಿಯಾಗಿದ್ದಾಗಲೇ ಒಮ್ಮೆ, ನೆರಳಿನಲ್ಲಿ ಒಣಗಿಸಿ ಮತ್ತೊಮ್ಮೆ ಅಳೆಯುವುದು ಒಳ್ಳೆಯದು. ಪ್ರಯೋಗಾಲಯಗಳು ಒಣಮಣ್ಣನ್ನಷ್ಟೇ ಅಳೆಯುತ್ತವೆ, ನಿಂತ ನೀರಿನಲ್ಲಿ ಬೇರು ಕಾಣುವ ಅಂಕಿ ಬೇರೆಯದೇ ಇರಬಹುದು.